ಹಳೇ ಕ್ವಾಡ್ ಸ್ಪೀಕರ್ ರಿಪೇರಿ: ಪ್ಯಾನೆಲ್ ಬಿಚ್ಚೋ ಮೊದಲು ಸಪ್ಲೈ ನೋಡಿ

ಹಳೇ ಕ್ವಾಡ್ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ಇಟ್ಟುಕೊಂಡವರ ದೂರು ಸಾಮಾನ್ಯವಾಗಿ ಎರಡೇ. ಒಂದು, ಸದ್ದು ಕಮ್ಮಿಯಾಗಿದೆ. ಇನ್ನೊಂದು, ಟಿಕ್ ಟಿಕ್ ಅನ್ನುತ್ತದೆ. ನನ್ನ ಪಾಲಿಗೆ ಬಂದ ಜೋಡಿಯಲ್ಲಿ ಎರಡೂ ಇದ್ದವು. ಎಡಗಡೆಯದು ಕ್ಷೀಣವಾಗಿ ಹಾಡುತ್ತಿತ್ತು, ಬಲಗಡೆಯದು ಸಿಡಿಯುತ್ತಿತ್ತು. ಕೊಟ್ಟವರು ಕೇಂಬ್ರಿಜ್ ಹತ್ತಿರದ ಹಳ್ಳಿಯ ನಿವೃತ್ತ ಮೇಷ್ಟ್ರು. ಪ್ಯಾನೆಲ್ ಎಲ್ಲಾ ಹೋಗಿವೆ, ಬಿಡಿಭಾಗಕ್ಕೆ ಆದರೆ ಆಯ್ತು ಅಂದುಕೊಂಡು ಅಗ್ಗದಲ್ಲೇ ಕೊಟ್ಟರು. ನನಗೆ ಅಲ್ಲೇ ಅನುಮಾನ ಬಂತು. ಒಂದೇ ಮನೆಯಲ್ಲಿ, ಒಂದೇ ಕೋಣೆಯಲ್ಲಿ ಇದ್ದ ಜೋಡಿ. ಎರಡಕ್ಕೂ ಬೇರೆ ಬೇರೆ ಕಾಯಿಲೆ ಇದೆ ಅಂದಮೇಲೆ ಎರಡಕ್ಕೂ ಒಂದೇ ಕಾರಣ ಹೇಳುವುದು ಸರಿ ಕಾಣಲಿಲ್ಲ.

ಈ ಸ್ಪೀಕರ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. 1957ರಲ್ಲಿ ಮಾರುಕಟ್ಟೆಗೆ ಬಂದದ್ದು. ಮಾಡಿದವರು ಪೀಟರ್ ವಾಕರ್. ಅವರ ಕಂಪನಿಯ ಹೆಸರು ಅಕೌಸ್ಟಿಕಲ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ, ಕ್ವಾಡ್ ಅನ್ನುವುದು ಅದರ ಬ್ರ್ಯಾಂಡ್. ಶುರುವಾದದ್ದು ಲಂಡನ್ನಿನಲ್ಲಿ, ಯುದ್ಧದ ಕಾಲದಲ್ಲಿ ಹಂಟಿಂಗ್ಡನ್‌ಗೆ ಬಂತು. ಆ ಊರು ನಾನಿರುವ ಕೇಂಬ್ರಿಜ್‌ಗೆ ಕಾರಿನಲ್ಲಿ ಅರ್ಧ ಗಂಟೆ. ಹಾಗಾಗಿ ಈ ಸುತ್ತಿನ ಹಳ್ಳಿಗಳ ಹಳೇ ಮನೆಗಳಲ್ಲಿ ಕ್ವಾಡ್ ಸಿಕ್ಕುವುದು ದೊಡ್ಡ ಆಶ್ಚರ್ಯವಲ್ಲ. ಮೊದಲಿಗೆ ಇದರ ಹೆಸರು ಎಲೆಕ್ಟ್ರೋಸ್ಟಾಟಿಕ್ ಲೌಡ್ ಸ್ಪೀಕರ್, ಚುಟುಕಾಗಿ ಬರೀ ಇಎಸ್‌ಎಲ್. 1981ರಲ್ಲಿ ಇಎಸ್‌ಎಲ್-63 ಬಂದಮೇಲೆ ಹಳೆಯದನ್ನು ಗುರುತಿಸಲು ಜನ ಇಎಸ್‌ಎಲ್-57 ಅನ್ನತೊಡಗಿದರು. 1985ರವರೆಗೂ ತಯಾರಾಗುತ್ತಲೇ ಇತ್ತು.

ನೋಡಿದರೆ ಸ್ಪೀಕರ್ ಅನ್ನಿಸುವುದಿಲ್ಲ. ಪೆಟ್ಟಿಗೆ ಇಲ್ಲ, ಕೋನ್ ಇಲ್ಲ. ಅಗಲವಾದ, ಸ್ವಲ್ಪ ಬಾಗಿದ ಲೋಹದ ಜಾಲರಿ, ಎರಡು ಬದಿಗೆ ಮರದ ಪಟ್ಟಿ, ಕೆಳಗೆ ಗಿಡ್ಡ ಮರದ ಕಾಲು. ನೆಲದ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಮನೆಗೆ ಬಂದವರಲ್ಲಿ ಅರ್ಧ ಜನ ಇದನ್ನು ಹೀಟರ್ ಅಂತಲೇ ತಿಳಿದು ಕೈ ಚಾಚುತ್ತಾರೆ.

ಜಾಲರಿ ತೆಗೆದರೆ ಒಳಗೆ ಮೂರು ಪ್ಯಾನೆಲ್. ಎರಡು ಬದಿಗೆ ತಗ್ಗಿನ ಸ್ವರಗಳ ಬಾಸ್, ನಡುವೆ ಮೇಲಿನ ಸ್ವರಗಳ ಟ್ರೆಬಲ್. ಪ್ರತಿ ಪ್ಯಾನೆಲ್ ಅಂದರೆ ತೂತು ತೂತಾಗಿರುವ ಎರಡು ಪ್ಲಾಸ್ಟಿಕ್ ಹಲಗೆ, ನಡುವೆ ಬಿಗಿಯಾಗಿ ಎಳೆದು ಕೂರಿಸಿದ ತೆಳ್ಳನೆಯ ಪ್ಲಾಸ್ಟಿಕ್ ಹಾಳೆ. ಹಲಗೆಗಳ ಹೊರಮೈಗೆ ವಿದ್ಯುತ್ ಹರಿಯುವ ಬಣ್ಣ ಬಳಿದಿರುತ್ತಾರೆ. ಇವಕ್ಕೆ ಸ್ಟೇಟರ್ ಅನ್ನುತ್ತಾರೆ. ನಡುವಿನ ಹಾಳೆಗೆ ಒಂದೇ ಸಮನೆ ಹೈವೋಲ್ಟೇಜ್ ಕೊಟ್ಟಿರುತ್ತಾರೆ, ಬಾಸ್‌ಗೆ ಸುಮಾರು 6 ಕಿಲೋವೋಲ್ಟ್, ಟ್ರೆಬಲ್‌ಗೆ ಸುಮಾರು 1.5. ಆಂಪ್ಲಿಫೈಯರ್‌ನಿಂದ ಬರುವ ಸಂಗೀತದ ಸಿಗ್ನಲ್ ಒಂದು ಟ್ರಾನ್ಸ್‌ಫಾರ್ಮರ್‌ನಲ್ಲಿ ಹಿಗ್ಗಿ ಎರಡು ಸ್ಟೇಟರ್‌ಗಳಿಗೆ ಹೋಗುತ್ತದೆ. ಒಂದು ಎಳೆಯುತ್ತದೆ, ಇನ್ನೊಂದು ತಳ್ಳುತ್ತದೆ. ಹಾಳೆ ಅಲುಗುತ್ತದೆ, ಗಾಳಿ ಅಲುಗುತ್ತದೆ. ಅಷ್ಟೇ.

ಹಾಳೆಗೆ ಕೊಡುವ ಆ ಹೈವೋಲ್ಟೇಜಿಗೆ ಇಎಚ್‌ಟಿ ಅಂತ ಹೆಸರು. ಅದನ್ನು ಹುಟ್ಟಿಸುವ ಭಾಗವೇ ನಾನು ಹೇಳುತ್ತಿರುವ ಸಪ್ಲೈ. ಇಲ್ಲಿ ಒಂದು ಲೆಕ್ಕ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಹಾಳೆಯನ್ನು ಅಲುಗಿಸುವ ಬಲ ಇಎಚ್‌ಟಿ ಮತ್ತು ಸಿಗ್ನಲ್ ಎರಡರ ಗುಣಲಬ್ಧ. ಇಎಚ್‌ಟಿ ಅರ್ಧಕ್ಕೆ ಇಳಿದರೆ ಸದ್ದು 6 ಡಿಬಿ (ಡೆಸಿಬೆಲ್) ಇಳಿಯುತ್ತದೆ. ಪ್ಯಾನೆಲ್ ಎಷ್ಟೇ ಚೆನ್ನಾಗಿರಲಿ, ಇಳಿದೇ ಇಳಿಯುತ್ತದೆ.

ಬಿಚ್ಚುವ ಮುಂಚೆ ಒಂದು ಮಾತು. ಪ್ಲಗ್ ಕಿತ್ತ ಮೇಲೂ ಸಪ್ಲೈನೊಳಗೆ ಚಾರ್ಜ್ ಕೂಡಿಡುವ ಕೆಪಾಸಿಟರ್‌ಗಳಲ್ಲಿ, ಹಾಳೆಗಳ ಮೇಲೆ ಚಾರ್ಜ್ ಉಳಿದಿರುತ್ತದೆ. ತೊಂದರೆ ಇಲ್ಲದ ಸ್ಪೀಕರ್ ಆದರೆ ಪ್ಲಗ್ ಕಿತ್ತು ಬಹಳ ಹೊತ್ತಿನವರೆಗೆ ಹಾಡುತ್ತಲೇ ಇರುತ್ತದೆ. ಕೇಳಲು ತಮಾಷೆ, ಕೈ ಹಾಕಿದರೆ ತಮಾಷೆ ಅಲ್ಲ. ಒಂದು ಉದ್ದನೆಯ ಪ್ಲಾಸ್ಟಿಕ್ ಕೋಲಿನ ತುದಿಗೆ ಹೈವೋಲ್ಟೇಜ್ ರೆಸಿಸ್ಟರ್‌ಗಳ ಸರಪಳಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಚಾಸಿಗೆ, ಅಂದರೆ ಒಳಗಿನ ಲೋಹದ ಚೌಕಟ್ಟಿಗೆ, ಕ್ಲಿಪ್ ಮಾಡಿಕೊಂಡೆ. ಏನು ಮುಟ್ಟುವುದಿದ್ದರೂ ಮೊದಲು ಆ ಕೋಲು ಮುಟ್ಟಿಸಬೇಕು, ಸ್ವಲ್ಪ ಹೊತ್ತು ಬಿಡಬೇಕು, ಮತ್ತೆ ಮುಟ್ಟಿಸಬೇಕು. ಒಮ್ಮೆ ಖಾಲಿಯಾದ ಕೆಪಾಸಿಟರ್‌ನಲ್ಲೂ ಸ್ವಲ್ಪ ಹೊತ್ತಿನ ಮೇಲೆ ಒಂದಿಷ್ಟು ವೋಲ್ಟೇಜ್ ತಾನಾಗೇ ಮರಳುತ್ತದೆ. ಇನ್ನು ಕರೆಂಟು ಇರುವಾಗ ಅಳೆಯುವುದಿದ್ದರೆ ಒಂದು ಕೈ ಬೆನ್ನ ಹಿಂದೆ. ಹೈವೋಲ್ಟೇಜ್ ಕೆಲಸ ರೂಢಿ ಇಲ್ಲದವರು ಇಲ್ಲಿಗೇ ನಿಲ್ಲಿಸಿ ಗೊತ್ತಿರುವವರನ್ನು ಕರೆಯುವುದು ಒಳ್ಳೆಯದು. ಇದನ್ನು ಉಪಚಾರಕ್ಕೆ ಹೇಳುತ್ತಿಲ್ಲ.

ಮೈಸೂರಿನಲ್ಲಿ ನನ್ನ ಸೋದರಮಾವ ಇದ್ದಾರೆ. ವಾಲ್ವ್ ರೇಡಿಯೋ ಕಾಲದಿಂದ ರಿಪೇರಿ ಮಾಡಿದವರು. ಫೋನಿನಲ್ಲಿ ಕ್ಯಾಮೆರಾ ಹಿಡಿದು ಒಳಗಿನದೆಲ್ಲಾ ತೋರಿಸಿದೆ.

"ಮಾವ, ಪ್ಯಾನೆಲ್ ಬಿಚ್ಚಿ ಹೊಸ ಹಾಳೆ ಹಾಕಬೇಕು ಅನ್ಸುತ್ತೆ. ನೀವೇನಂತೀರಿ?"

"ಸಪ್ಲೈ ಅಳೆದ್ಯೇನೋ?"

"ಇನ್ನೂ ಇಲ್ಲ ಮಾವ."

"ಮತ್ತೆ ಪ್ಯಾನೆಲ್ ಮಾತು ಯಾಕೆ ಈಗ್ಲೇ? ಎರಡು ಸ್ಪೀಕರ್ ಇದೆ ತಾನೆ. ಇದರ ಸಪ್ಲೈ ಅದಕ್ಕೆ ಹಾಕು, ಅದರದ್ದು ಇದಕ್ಕೆ ಹಾಕು. ಕಾಯಿಲೆ ಯಾರ ಜೊತೆ ಹೋಗುತ್ತೆ ನೋಡು. ಆಮೇಲೆ ಫೋನ್ ಮಾಡು."

ಮಾವ ಜನ್ಮದಲ್ಲಿ ಎಲೆಕ್ಟ್ರೋಸ್ಟಾಟಿಕ್ ಸ್ಪೀಕರ್ ನೋಡಿದವರಲ್ಲ. ಆದರೂ ಅವರು ಹೇಳಿದ್ದೇ ಈ ಕೆಲಸದ ಸರಿಯಾದ ಮೊದಲ ಹೆಜ್ಜೆ. ಜೋಡಿ ಇರುವುದರ ದೊಡ್ಡ ಅನುಕೂಲವೇ ಇದು, ಒಂದಕ್ಕೆ ಇನ್ನೊಂದು ಅಳತೆಗೋಲು.

ಹಿಂದಿನ ಜಾಲರಿಯ ಸ್ಕ್ರೂ ತೆಗೆದರೆ ಕೆಳಗಡೆ ಎಲೆಕ್ಟ್ರಾನಿಕ್ಸ್ ಎಲ್ಲಾ ಕಾಣುತ್ತದೆ. ಆಡಿಯೋ ಟ್ರಾನ್ಸ್‌ಫಾರ್ಮರ್, ಮೇನ್ಸ್ ಟ್ರಾನ್ಸ್‌ಫಾರ್ಮರ್, ಇಎಚ್‌ಟಿ ಬ್ಲಾಕು. ಟ್ರೆಬಲ್ ಪ್ಯಾನೆಲಿನ ಹಿಂದೆ ದಪ್ಪ ಫೆಲ್ಟ್ ಇರುತ್ತದೆ, ಅದನ್ನು ಕಸ ಅಂತ ಎಸೆಯಬೇಡಿ. ಹಿಂದಕ್ಕೆ ಹೋಗುವ ಟ್ರೆಬಲನ್ನು ಹದ ಮಾಡಲು ಬೇಕಂತಲೇ ಇಟ್ಟದ್ದು. ಪ್ರತಿ ವೈರಿನ ಫೋಟೋ ತೆಗೆದು, ಚೀಟಿ ಅಂಟಿಸಿ, ಬ್ಲಾಕುಗಳನ್ನು ಅದಲು ಬದಲು ಮಾಡಿದೆ.

ಚಾರ್ಜ್ ಏರುವವರೆಗೆ ಕಾದು ಹಾಡು ಹಾಕಿದೆ. ಎಡಗಡೆ ಸ್ಪೀಕರ್‌ಗೆ ಜೀವ ಬಂತು. ಬಲಗಡೆಯದು ಕ್ಷೀಣವಾಯಿತು. ಇದು ನಿರೀಕ್ಷೆ ಮಾಡಿದ್ದೇ. ನಿರೀಕ್ಷೆ ಮಾಡದೇ ಇದ್ದದ್ದು ಇನ್ನೊಂದು. ಬಲಗಡೆಯ ಟಿಕ್ ಟಿಕ್ ಪೂರ್ತಿ ನಿಂತುಹೋಯಿತು.

ಯಾಕೆ ಅಂದರೆ, ಸೋತ ಸಪ್ಲೈ ಕೆಟ್ಟ ಪ್ಯಾನೆಲನ್ನು ಮುಚ್ಚಿಡುತ್ತದೆ. ಕಿಡಿ ಹಾರಲು ಬೇಕಾದಷ್ಟು ವೋಲ್ಟೇಜೇ ಇಲ್ಲದಿದ್ದರೆ ಕಿಡಿ ಎಲ್ಲಿಂದ? "ನನ್ನ ಕ್ವಾಡ್ ಸುಮ್ನೆ ಮೆತ್ತಗೆ ಹಾಡುತ್ತೆ, ತೊಂದರೆ ಏನಿಲ್ಲ" ಅನ್ನುವವರಿಂದ ಸ್ಪೀಕರ್ ಕೊಳ್ಳುವವರು ಇದನ್ನು ಗಮನಿಸಿ. ಸಪ್ಲೈ ಸರಿ ಮಾಡಿದ ದಿನ ಅದು ಸಿಡಿಯಲು ಶುರು ಮಾಡಬಹುದು.

ಕಿವಿಗೆ ಕೇಳಿಸಿದ್ದನ್ನು ಮೀಟರ್‌ನಲ್ಲೂ ನೋಡಬೇಕು. ಸಾಮಾನ್ಯ ಮಲ್ಟಿಮೀಟರ್ ಇಲ್ಲಿ ನಡೆಯುವುದಿಲ್ಲ. ಮೊದಲನೆಯದಾಗಿ ಅದು ತಡೆಯುವುದೇ ಹೆಚ್ಚೆಂದರೆ ಸಾವಿರ ವೋಲ್ಟ್. ಎರಡನೆಯದಾಗಿ ಅದರ ಒಳರೋಧ 10 ಮೆಗಾಓಮ್. 6 ಕಿಲೋವೋಲ್ಟಿಗೆ ಅಂಥ ರೋಧ ಸಿಕ್ಕಿಸಿದರೆ 600 ಮೈಕ್ರೋಆಂಪ್ ಎಳೆಯಬೇಕು. ಈ ಪುಟಾಣಿ ಸಪ್ಲೈ ಅಷ್ಟು ಕೊಡಲಾರದು, ವೋಲ್ಟೇಜ್ ಕುಸಿಯುತ್ತದೆ, ನೀವು ಸಪ್ಲೈ ಕೆಟ್ಟಿದೆ ಅಂದುಕೊಳ್ಳುತ್ತೀರಿ. 1 ಗಿಗಾಓಮ್‌ನ ಹೈವೋಲ್ಟೇಜ್ ಪ್ರೋಬ್ ಬೇಕು. ಅದು ಎಳೆಯುವುದು 6 ಮೈಕ್ರೋಆಂಪ್ ಮಾತ್ರ. ಗೆಳೆಯರೊಬ್ಬರ ಲ್ಯಾಬಿನಿಂದ ಕಡ ತಂದೆ.

ಬಲಗಡೆಯ ಬ್ಲಾಕು: ಬಾಸ್‌ಗೆ 5.8 ಕಿಲೋವೋಲ್ಟ್, ಟ್ರೆಬಲ್‌ಗೆ 1.5. ಚೆನ್ನಾಗಿದೆ. ಎಡಗಡೆಯ ಬ್ಲಾಕು: ಬಾಸ್‌ಗೆ 3.4, ಟ್ರೆಬಲ್‌ಗೆ 1.1. ಲೆಕ್ಕ ಹಾಕಿ. ಬಾಸ್ ಸುಮಾರು 5 ಡಿಬಿ ಇಳಿದಿದೆ, ಟ್ರೆಬಲ್ 3ಕ್ಕಿಂತ ಸ್ವಲ್ಪ ಕಮ್ಮಿ. ಅದಕ್ಕೇ ಎಡಗಡೆಯದು ಬರೀ ಮೆತ್ತಗಲ್ಲ, ಮೂಗಿನಲ್ಲಿ ಹಾಡಿದ ಹಾಗೆ ಸೊರಗಿತ್ತು. ಎಡಗಡೆ ಪ್ಯಾನೆಲ್‌ಗಳನ್ನು ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ಇಎಚ್‌ಟಿ ಬ್ಲಾಕಿನೊಳಗೆ ಇರುವುದು ವೋಲ್ಟೇಜ್ ಮಲ್ಟಿಪ್ಲೈಯರ್. ಟ್ರಾನ್ಸ್‌ಫಾರ್ಮರ್ ಕೊಡುವ ನೂರಾರು ವೋಲ್ಟನ್ನು ರೆಕ್ಟಿಫೈಯರ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ), ಕೆಪಾಸಿಟರ್ ಏಣಿಯ ಮೇಲೆ ಹಂತ ಹಂತವಾಗಿ ಏರಿಸುವುದು. ಕೆಳಗಿನ ಹಂತದಿಂದ ಟ್ರೆಬಲ್‌ಗೆ ವೈರು, ತುದಿಯಿಂದ ಬಾಸ್‌ಗೆ. ನನ್ನ ಬ್ಲಾಕಿನಲ್ಲಿ ಇದ್ದವು ಆ ಕಾಲದ ಸೆಲೀನಿಯಂ ರೆಕ್ಟಿಫೈಯರ್‌ಗಳು, ಎಲ್ಲವನ್ನೂ ಮೇಣದಲ್ಲಿ ಮುಳುಗಿಸಿ ಎರಕ ಹೊಯ್ದದ್ದು. ಸೆಲೀನಿಯಂ ವಯಸ್ಸಾದಂತೆ ಸೋಲುತ್ತದೆ. ಮೇಣ ಬಿರುಕು ಬಿಟ್ಟರೆ ತೇವ ಒಳಗೆ ಹೋಗುತ್ತದೆ, ಚಾರ್ಜ್ ಸೋರುತ್ತದೆ. ದಶಕಗಳ ಹಿಂದಿನ ಭಾಗ ಇಷ್ಟು ದಿನ ಬಾಳಿದ್ದೇ ದೊಡ್ಡದು.

ಮೇಣ ಕರಗಿಸಿ ಅದೇ ಡಬ್ಬಿಯೊಳಗೆ ಹೊಸ ಭಾಗ ಹಾಕುವವರಿದ್ದಾರೆ. ನೋಡಲು ಹಳೆಯದೇ ಇದ್ದಂತೆ ಇರುತ್ತದೆ. ನನಗೆ ಅದು ಬೇಡದ ಕೆಲಸ ಅನ್ನಿಸುತ್ತದೆ. ಹಳೇ ಬ್ಲಾಕನ್ನು ಮುಟ್ಟದೆ ಒಂದು ಚೀಲದಲ್ಲಿ ಎತ್ತಿಟ್ಟು, ಬೇರೆ ಬೋರ್ಡೇ ಮಾಡಿದೆ. ಮುಂದೆ ಯಾರಿಗಾದರೂ ಅಸಲಿ ಭಾಗ ಬೇಕಾದರೆ ಇರಲಿ.

ಬೋರ್ಡಿಗೆ ರೆಕ್ಟಿಫೈಯರ್ ಆಗಿ 1ಎನ್4007 ಡಯೋಡ್ ಸಾಕು, ಎಲ್ಲಾ ಕಡೆ ಕಾಸಿಗೆ ಸಿಗುತ್ತದೆ. ಆದರೆ ಅದು ತಡೆಯುವುದು 1000 ವೋಲ್ಟ್. ಇಂಥ ಏಣಿಯಲ್ಲಿ ಪ್ರತಿ ಡಯೋಡ್ ಮೇಲೆ ಬೀಳುವುದು ಟ್ರಾನ್ಸ್‌ಫಾರ್ಮರ್ ವೋಲ್ಟೇಜಿನ ಮೇಲಿನ ತುದಿಯಿಂದ ಕೆಳಗಿನ ತುದಿಯವರೆಗಿನ ಪೂರ್ತಿ ಅಂತರ. ಹಾಗಾಗಿ ಒಂದರ ಜಾಗದಲ್ಲಿ ಮೂರನ್ನು ಸಾಲಾಗಿ ಹಾಕಿದೆ. ಕೆಪಾಸಿಟರ್‌ಗಳಿಗೂ ಅದೇ ಲೆಕ್ಕ. 3 ಕಿಲೋವೋಲ್ಟ್ ತಡೆಯುವಂಥವನ್ನೇ ತಂದೆ. ಇಲ್ಲಿ ಜಿಪುಣತನ ಬೇಡ.

ಭಾಗಗಳಿಗಿಂತ ಕೈಕೆಲಸ ಮುಖ್ಯ. ಹೈವೋಲ್ಟೇಜ್ ಬೋರ್ಡಿನಲ್ಲಿ ಬೆಸುಗೆ ಗುಂಡಗಿರಬೇಕು. ಡಯೋಡಿನ ಕಾಲು ಕತ್ತರಿಸಿದ ಮೊನೆ ಮೇಲೆದ್ದು ನಿಂತಿದ್ದರೆ ಅಲ್ಲಿಂದ ಗಾಳಿಗೇ ಚಾರ್ಜ್ ಸೋರುತ್ತದೆ. ಕತ್ತಲಲ್ಲಿ ಕಿವಿಗೊಟ್ಟರೆ ಸಣ್ಣಗೆ ಸುಯ್ ಅನ್ನುವುದು ಕೇಳಿಸುತ್ತದೆ. ನಾನು ಕಾಲನ್ನು ಗಿಡ್ಡ ಕತ್ತರಿಸಿ, ಮೇಲೆ ಸೀಸ ಜಾಸ್ತಿ ಕೊಟ್ಟು ಮಣಿಯಂತೆ ಉರುಟಾಗಿಸಿದೆ. ಬೇರೆ ಕಡೆ ಇಷ್ಟು ಸೀಸ ಕೊಟ್ಟರೆ ಮಾವ ಬೈಯುತ್ತಿದ್ದರು. ವೋಲ್ಟೇಜ್ ಅಂತರ ಜಾಸ್ತಿ ಇರುವ ಎರಡು ಬಿಂದುಗಳ ನಡುವೆ ಬೋರ್ಡನ್ನೇ ಕೊರೆದು ಸೀಳು ಬಿಟ್ಟೆ, ಮೇಲ್ಮೈ ಮೇಲೆ ಸೋರದೇ ಇರಲಿ ಅಂತ. ಫ್ಲಕ್ಸ್ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಟೂತ್‌ಬ್ರಶ್‌ನಿಂದ ಉಜ್ಜಿ, ಒಣಗಿಸಿ, ಮತ್ತೆ ಉಜ್ಜಿ, ಕೊನೆಗೆ ಇನ್ಸುಲೇಟಿಂಗ್ ವಾರ್ನಿಶ್ ಎರಡು ಕೈ.

ವೇರಿಯಾಕ್‌ನಿಂದ, ನಮ್ಮ ಕಡೆ ಡಿಮ್ಮರ್‌ಸ್ಟಾಟ್ ಅನ್ನುತ್ತೇವಲ್ಲ ಅದರಿಂದ, ವೋಲ್ಟೇಜನ್ನು ಮೆಲ್ಲಗೆ ಏರಿಸಿದೆ. ಬಾಸಿಗೆ 6.0 ಕಿಲೋವೋಲ್ಟ್, ಟ್ರೆಬಲಿಗೆ 1.5 ಬಂತು. ಎಡಗಡೆಯ ಸ್ಪೀಕರ್ ಬಲಗಡೆಯದಕ್ಕಿಂತ ಗಟ್ಟಿ ಆಯಿತು. ಜೋಡಿ ಸಮ ಇರಬೇಕಲ್ಲ ಅಂತ ಬಲಗಡೆಗೂ ಅಂಥದ್ದೇ ಬೋರ್ಡ್ ಮಾಡಿದೆ. ಹೇಗೂ ಅದರ ಸೆಲೀನಿಯಂಗೂ ಅಷ್ಟೇ ವಯಸ್ಸಾಗಿದೆ. ಅದೇ ಹೊತ್ತಿಗೆ ಹಳೇ ಮೇನ್ಸ್ ಸಾಕೆಟ್ ಎರಡನ್ನೂ ತೆಗೆದು ಹೊಸದು ಹಾಕಿ, ಚಾಸಿಗೆ ಅರ್ತ್ ಸರಿಯಾಗಿದೆಯಾ ಅಂತ ನೋಡಿಕೊಂಡೆ.

ಇನ್ನು ಬಲಗಡೆಯ ಟಿಕ್ ಟಿಕ್.

ರಾತ್ರಿ ಕೋಣೆ ಪೂರ್ತಿ ಕತ್ತಲು ಮಾಡಿ, ಜಾಲರಿ ತೆಗೆದ ಸ್ಪೀಕರ್ ಮುಂದೆ ದೂರದಲ್ಲಿ ಕೂತರೆ ಕಿಡಿ ತಾನಾಗಿ ಜಾಗ ತೋರಿಸುತ್ತದೆ. ಟ್ರೆಬಲ್ ಪ್ಯಾನೆಲಿನ ಕೆಳಭಾಗದಲ್ಲಿ ನೀಲಿ ಚುಕ್ಕೆ. ಒಂದು ಟಿಕ್, ಒಂದು ಚುಕ್ಕೆ, ಯಾವಾಗಲೂ ಅದೇ ಜಾಗ. ಜೊತೆಗೆ ಓಜೋನ್ ವಾಸನೆ. ಬೇರೆ ಬೇರೆ ಜಾಗದಲ್ಲಿ ಹಾರಿದ್ದರೆ ಧೂಳು ಅಂದುಕೊಳ್ಳಬಹುದಿತ್ತು. ಒಂದೇ ಜಾಗ ಅಂದರೆ ಸುಟ್ಟು ಕರಿ ಹಿಡಿದಿದೆ, ಆ ಕರಿಯೇ ಈಗ ದಾರಿಯಾಗಿದೆ. ಟ್ರೆಬಲ್ ಪ್ಯಾನೆಲ್ ಮುಂದಿನ ಧೂಳು ತಡೆಯುವ ಹಾಳೆಯೂ ಒಂದು ಮೂಲೆಯಲ್ಲಿ ಹರಿದು ಜೋತಾಡುತ್ತಿತ್ತು. ಹೈವೋಲ್ಟೇಜ್ ಧೂಳನ್ನು ಎಳೆದುಕೊಳ್ಳುತ್ತದೆ, ಹರಿದ ಹಾಳೆ ಬಾಗಿಲು ತೆರೆದಿಟ್ಟಿದೆ. ಕಥೆ ಅರ್ಥವಾಯಿತು.

ಈ ಹಂತದಲ್ಲಿ ಎರಡು ದಾರಿ. ಇಂಗ್ಲೆಂಡ್, ಜರ್ಮನಿ ಕಡೆ ಹೊಸ ಟ್ರೆಬಲ್ ಪ್ಯಾನೆಲ್ ಮಾಡಿ ಕೊಡುವವರಿದ್ದಾರೆ. ದುಡ್ಡು ಕೊಟ್ಟು ತಂದು ಕೂರಿಸಿದರೆ ಮುಗಿಯಿತು, ಬಹಳ ಜನರಿಗೆ ನಾನು ಹೇಳುವುದೂ ಅದನ್ನೇ. ಇನ್ನೊಂದು, ಇರುವುದನ್ನೇ ಬಿಚ್ಚಿ ಹೊಸ ಹಾಳೆ ಹಾಕುವುದು. ನನಗೆ ಎರಡನೆಯದರ ಚಪಲ.

ಪ್ಯಾನೆಲಿನ ಎರಡು ಸ್ಟೇಟರ್‌ಗಳನ್ನು ಅಂಚಿನಲ್ಲಿ ರಿವೆಟ್ ಹೊಡೆದು ಸೇರಿಸಿರುತ್ತಾರೆ. ರಿವೆಟ್ ತಲೆಯನ್ನು ಕೈ ಡ್ರಿಲ್‌ನಲ್ಲಿ ನಿಧಾನಕ್ಕೆ ಕೊರೆದೆ. ಪವರ್ ಡ್ರಿಲ್ ಹಿಡಿದರೆ ಹಳೇ ಪ್ಲಾಸ್ಟಿಕ್ ಬಿಸಿಯಾಗಿ ಸೀಳುವ ಭಯ. ಎರಡು ಹಲಗೆ ಬೇರೆಯಾದಾಗ ಹಳೇ ಹಾಳೆ ಕಂಡಿತು. ಸುಟ್ಟ ಜಾಗದಲ್ಲಿ ಸಣ್ಣ ತೂತು, ಸುತ್ತ ಕಂದು ಬಳೆ. ಅದಕ್ಕೆ ಎದುರಿಗೆ ಸ್ಟೇಟರಿನ ಒಂದು ತೂತಿನ ಅಂಚು ಕರಿಕಲಾಗಿ ಕೂದಲೆಳೆಯಂಥ ಗೆರೆ ಹೊರಮೈವರೆಗೆ ಹೋಗಿತ್ತು. ಆ ಗೆರೆ ಉಳಿದರೆ ಎಷ್ಟು ಹೊಸ ಹಾಳೆ ಹಾಕಿದರೂ ದಂಡ. ಚೂಪಾದ ಬ್ಲೇಡಿನಿಂದ ಕರಿ ಪೂರ್ತಿ ಹೋಗಿ ತಿಳಿ ಪ್ಲಾಸ್ಟಿಕ್ ಕಾಣುವವರೆಗೆ ಕೆರೆದೆ. ಭೂತಗನ್ನಡಿ ಹಿಡಿದು ನೋಡಿ, ಮತ್ತೆ ಕೆರೆದೆ. ಆದ ಗುಳಿಯನ್ನು ಎಪಾಕ್ಸಿಯಿಂದ ತುಂಬಿ, ನಯ ಮಾಡಿ, ಹೊರಮೈಯ ವಾಹಕ ಬಣ್ಣವನ್ನು ಆ ತೂತಿನ ಸುತ್ತ ಸ್ವಲ್ಪ ಹಿಂದಕ್ಕೆ ಸರಿಸಿದೆ. ಸ್ಟೇಟರ್ ಎರಡನ್ನೂ ತೊಳೆದು ಒಣಗಿಸಿದೆ. ತೊಳೆದ ನೀರಿನ ಬಣ್ಣ ಹೇಳಿದರೆ ನಂಬುವುದಿಲ್ಲ.

ಹೊಸ ಹಾಳೆ 6 ಮೈಕ್ರಾನಿನ ಮೈಲಾರ್ ಅನ್ನುವ ಪ್ಲಾಸ್ಟಿಕ್ ಫಿಲ್ಮ್. ಅದನ್ನು ಬಿಗಿಯಾಗಿ, ಎಲ್ಲಾ ಕಡೆ ಸಮನಾಗಿ ಎಳೆಯಬೇಕು. ಅದಕ್ಕೊಂದು ಹಳೇ ಉಪಾಯ ಇದೆ, ಸೈಕಲ್ ಟ್ಯೂಬು. ಪ್ಲೈವುಡ್ ಹಲಗೆಯ ಅಂಚಿನ ಸುತ್ತ ಟ್ಯೂಬ್ ಕೂರಿಸಿ, ಮೇಲೆ ಹಾಳೆ ಹಾಸಿ, ಅಂಚನ್ನು ಹಲಗೆಯ ಅಡಿಗೆ ಮಡಚಿ ಟೇಪ್ ಅಂಟಿಸುವುದು. ಆಮೇಲೆ ಟ್ಯೂಬಿಗೆ ಗಾಳಿ ಹೊಡೆಯುವುದು. ಟ್ಯೂಬ್ ಉಬ್ಬಿದಂತೆ ಹಾಳೆ ನಾಲ್ಕೂ ಕಡೆಗೆ ಒಂದೇ ಸಮ ಎಳೆದುಕೊಳ್ಳುತ್ತದೆ. ಎಷ್ಟು ಎಳೆಯಿತು ಅಂತ ತಿಳಿಯಲು ಮೊದಲೇ ಹಾಳೆಯ ಮೇಲೆ 500 ಮಿಲಿಮೀಟರ್ ಅಂತರದಲ್ಲಿ ಎರಡು ಗೆರೆ ಹಾಕಿದ್ದೆ. ಅದು 505 ಆಗುವವರೆಗೆ, ಅಂದರೆ ನೂರಕ್ಕೆ ಒಂದು ಪಾಲು ಹಿಗ್ಗುವವರೆಗೆ, ಪಂಪ್ ಹೊಡೆದೆ. ಸೈಕಲ್ ಪಂಪ್ ಹಿಡಿದು ಸ್ಕೇಲ್ ನೋಡುತ್ತಾ ಕೂತವನನ್ನು ನೋಡಿ ನನ್ನ ಹೆಂಡತಿ ಏನೂ ಕೇಳಲಿಲ್ಲ. ಕೇಳಿ ಪ್ರಯೋಜನ ಇಲ್ಲ ಅಂತ ಅವಳಿಗೆ ಗೊತ್ತು.

ಎಳೆದ ಹಾಳೆಯನ್ನು ಒಂದು ಸ್ಟೇಟರಿನ ಅಂಚಿಗೆ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಗಾಳಿ ಬಿಡದೆ ಇಟ್ಟೆ. ಆಮೇಲೆ ಲೇಪನ. ಈ ಕೆಲಸದಲ್ಲಿ ಅತಿ ಸೂಕ್ಷ್ಮವಾದದ್ದು ಇದೇ, ಅತಿ ಹೆಚ್ಚು ತಪ್ಪು ಸಲಹೆ ಸಿಗುವುದೂ ಇಲ್ಲೇ.

ಮೈಲಾರ್ ತಾನಾಗಿ ವಿದ್ಯುತ್ ಒಯ್ಯುವುದಿಲ್ಲ. ಚಾರ್ಜ್ ಹರಡಲು ಅದಕ್ಕೊಂದು ಲೇಪನ ಬೇಕು. ಪೆನ್ಸಿಲಿನ ಗ್ರಾಫೈಟ್ ಪುಡಿ ಹಾಕಿ ಹತ್ತಿಯಿಂದ ಉಜ್ಜಿದರೆ ಸಾಕು ಅನ್ನುವವರು ಬಹಳ. ಸದ್ದು ಬರುತ್ತದೆ, ಸುಳ್ಳಲ್ಲ. ಆದರೆ ಗ್ರಾಫೈಟ್ ಜಾಸ್ತಿ ಚೆನ್ನಾಗಿ ಒಯ್ಯುತ್ತದೆ. ಹಾಳೆ ಅಲುಗುವಾಗ ಚಾರ್ಜ್ ಆ ಕಡೆ ಈ ಕಡೆ ಓಡಾಡುತ್ತದೆ. ವಾಕರ್ ಅವರ ವಿನ್ಯಾಸದ ಜಾಣತನ ಇರುವುದೇ ಅದನ್ನು ತಡೆಯುವುದರಲ್ಲಿ. ಲೇಪನದ ರೋಧ ಬಹಳ ಜಾಸ್ತಿ ಇದ್ದರೆ ಚಾರ್ಜ್ ಒಮ್ಮೆ ಕೂತ ಜಾಗದಲ್ಲೇ ಕೂರುತ್ತದೆ. ಆಗ ಹಾಳೆ ಯಾವ ಸ್ಟೇಟರಿಗೆ ಹತ್ತಿರ ಇದ್ದರೂ ಸಿಗ್ನಲ್ಲಿಗೆ ಸರಿಯಾಗಿ ಅಷ್ಟೇ ಬಲ. ಡಿಸ್ಟಾರ್ಶನ್, ಅಂದರೆ ಸದ್ದು ವಿಕಾರವಾಗುವುದು, ಕಡಿಮೆ ಆಗುವುದು ಅದರಿಂದ. ಇನ್ನೊಂದು ಲಾಭವೂ ಇದೆ. ಎಲ್ಲಾದರೂ ಕಿಡಿ ಹಾರಿದರೆ ಇಡೀ ಹಾಳೆಯ ಚಾರ್ಜ್ ಒಮ್ಮೆಲೇ ಅಲ್ಲಿಗೆ ನುಗ್ಗುವುದಿಲ್ಲ. ಗ್ರಾಫೈಟ್ ಹಾಕಿದ ಪ್ಯಾನೆಲಿನಲ್ಲಿ ಒಂದು ಸಣ್ಣ ಕಿಡಿ ದೊಡ್ಡ ತೂತಾಗುವುದು ಇದೇ ಕಾರಣಕ್ಕೆ.

ಹಾಗಂತ ರೋಧ ಮಿತಿಮೀರಿದರೂ ಕಷ್ಟ. ಚಾರ್ಜ್ ಹರಡುವುದೇ ಇಲ್ಲ, ಸದ್ದು ಏಳುವುದಿಲ್ಲ. ನಾನು ಬಳಸಿದ್ದು ಪ್ಯಾಕಿಂಗ್ ಮತ್ತು ಎಲೆಕ್ಟ್ರಾನಿಕ್ಸ್ ಕಾರ್ಖಾನೆಗಳಲ್ಲಿ ಸ್ಟಾಟಿಕ್ ಹೋಗಲಾಡಿಸಲು ಬಳಿಯುವ ದ್ರವ. ನಾರು ಬಿಡದ ಬಟ್ಟೆಯಿಂದ ತೆಳ್ಳಗೆ, ಒಂದೇ ಒತ್ತಡದಲ್ಲಿ ಸವರಬೇಕು. ಮೊದಲು ಒಂದು ತುಂಡು ಹಾಳೆಯ ಮೇಲೆ ಸವರಿ, ಒಣಗಿಸಿ, ಮೆಗ್ಗರ್‌ನಿಂದ ಅಳೆದೆ. ಮನೆ ವೈರಿಂಗ್ ನೋಡಲು ಎಲೆಕ್ಟ್ರಿಷಿಯನ್‌ಗಳು ತರುತ್ತಾರಲ್ಲ, ಅದೇ ಮೆಗ್ಗರ್. ಚೌಕಕ್ಕೆ ಸಾವಿರ ಮೆಗಾಓಮ್ ಆಸುಪಾಸು ತೋರಿಸಿತು. ನನಗೆ ಬೇಕಾದದ್ದು ಅದೇ. ಹೊರಗೆ ಮಳೆ ಇದ್ದ ದಿನ ಅಳೆದರೆ ಅದೇ ತುಂಡು ಬೇರೆ ಲೆಕ್ಕ ಕೊಡುತ್ತಿತ್ತು, ಇಂಥ ಲೇಪನಗಳಿಗೆ ತೇವದ ಪ್ರಭಾವ ಜಾಸ್ತಿ. ಹಾಗಾಗಿ ಚಳಿಗಾಲದ ಒಣ ದಿನ ನೋಡಿ, ಹೀಟರ್ ಹಾಕಿದ ಕೋಣೆಯಲ್ಲಿ ಕೆಲಸ ಮುಗಿಸಿದೆ.

ಎರಡನೇ ಸ್ಟೇಟರ್ ಮೇಲೆ ಕೂರಿಸುವ ಮುಂಚೆ ಟಾರ್ಚನ್ನು ಓರೆಯಾಗಿ ಹಿಡಿದು ಧೂಳಿನ ಕಣ ಹುಡುಕಿದೆ. ರಿವೆಟ್ ಜಾಗದಲ್ಲಿ ನೈಲಾನ್ ಸ್ಕ್ರೂ. ಲೋಹದ ಸ್ಕ್ರೂ ಅಲ್ಲಿ ಹಾಕಲೇಬಾರದು.

ಧೂಳು ತಡೆಯುವ ಹಾಳೆಯ ಕೆಲಸ ಇದರ ಮುಂದೆ ಸಲೀಸು. ಅದೇ 6 ಮೈಕ್ರಾನ್ ಮೈಲಾರ್, ಚೌಕಟ್ಟಿಗೆ ಎರಡು ಬದಿ ಅಂಟಿನ ಟೇಪ್, ಕೈಲಾದಷ್ಟು ಸುಕ್ಕಿಲ್ಲದೆ ಅಂಟಿಸುವುದು. ಉಳಿದ ಸುಕ್ಕಿಗೆ ಬಿಸಿಗಾಳಿ. ಹಬ್ಬದಲ್ಲಿ ತಮಟೆಯವರು ಬಾರಿಸುವ ಮುಂಚೆ ಬೆಂಕಿಗೆ ಹಿಡಿದು ಚರ್ಮ ಬಿಗಿ ಮಾಡಿಕೊಳ್ಳುತ್ತಾರಲ್ಲ, ಥೇಟ್ ಹಾಗೆ. ಹೀಟ್‌ಗನ್ ದೂರದಿಂದ ಆಡಿಸುತ್ತಾ ಹೋದರೆ ಸುಕ್ಕು ಕಣ್ಣ ಮುಂದೆಯೇ ಮಾಯವಾಗುತ್ತದೆ. ಹತ್ತಿರ ಹಿಡಿದರೆ ತೂತು. ಈ ಹಾಳೆ ಸಡಿಲ ಉಳಿದರೆ ಕೆಲವು ಸ್ವರಗಳಿಗೆ ಝುಂಯ್ ಅನ್ನುತ್ತದೆ, ಜನ ಅದನ್ನೂ ಪ್ಯಾನೆಲ್ ತಲೆಗೇ ಕಟ್ಟುತ್ತಾರೆ. ನಾಲ್ಕೂ ಬಾಸ್ ಪ್ಯಾನೆಲ್‌ಗಳ ಹಾಳೆಗಳನ್ನೂ ಇದೇ ಹೊತ್ತಿಗೆ ಬದಲಿಸಿದೆ. ಅವು ಹರಿದಿರಲಿಲ್ಲ, ಆದರೆ ಹಳದಿಯಾಗಿ ಮುಟ್ಟಿದರೆ ಬಿರಿಯುವಂತಿದ್ದವು.

ಜಾಲರಿಗೆ ಸೋಪುನೀರು, ಮರದ ಪಟ್ಟಿಗೆ ಅಗಸೆ ಎಣ್ಣೆ. ಇದರ ಬಗ್ಗೆ ಹೇಳುವಂಥದ್ದು ಏನಿಲ್ಲ.

ಮತ್ತೆ ಜೋಡಿಸಿ, ಡಿಮ್ಮರ್‌ಸ್ಟಾಟ್‌ನಲ್ಲಿ ಏರಿಸುತ್ತಾ ಹೋದೆ. ಪೂರ್ತಿ ವೋಲ್ಟೇಜ್ ಮುಟ್ಟಿದ ಸ್ವಲ್ಪ ಹೊತ್ತು ಅಲ್ಲೊಂದು ಇಲ್ಲೊಂದು ಟಿಕ್ ಬಂತು, ಎದೆ ಧಸಕ್ ಅಂದಿತು. ಬೇರೆ ಬೇರೆ ಜಾಗ, ಅಂದರೆ ಉಳಿದ ಧೂಳು. ರಾತ್ರಿಯಿಡೀ ಸಿಗ್ನಲ್ ಕೊಡದೆ ಬರೀ ಇಎಚ್‌ಟಿ ಮೇಲೆ ಬಿಟ್ಟೆ. ಬೆಳಗ್ಗೆ ಹೊತ್ತಿಗೆ ಸದ್ದಿಲ್ಲ.

ಆಂಪ್ಲಿಫೈಯರ್ ಬಗ್ಗೆ ಎಚ್ಚರ ಬೇಕು. ಈ ಸ್ಪೀಕರ್ ತಡೆಯುವುದು ಗರಿಷ್ಠ 33 ವೋಲ್ಟ್ ಪೀಕ್. ಇವತ್ತಿನ ನೂರು ವ್ಯಾಟಿನ ಆಂಪ್ಲಿಫೈಯರ್ ವಾಲ್ಯೂಮ್ ತಿರುಗಿಸಿದರೆ ಅದನ್ನು ಸುಲಭವಾಗಿ ದಾಟುತ್ತದೆ, ಟ್ರೆಬಲ್ ಪ್ಯಾನೆಲ್ ಮತ್ತೆ ಸುಡುತ್ತದೆ. ನಾನು ಬಳಸುವುದು ಕ್ವಾಡ್ 303. 1967ರದು. ಒಳಗಿನ ಸಪ್ಲೈ 67 ವೋಲ್ಟಿಗೆ ಕಟ್ಟಿಹಾಕಿದ್ದು, ಆದ್ದರಿಂದ ಅದರ ಔಟ್‌ಪುಟ್ ಯಾವ ಕಡೆಗೂ 33 ವೋಲ್ಟಿನಾಚೆ ಹೋಗುವ ಹಾಗೇ ಇಲ್ಲ. ಬೇರೆ ಆಂಪ್ಲಿಫೈಯರ್ ಇದ್ದವರು ಮಿತಿ ಹಾಕುವ ಸರ್ಕ್ಯೂಟ್ ಇಲ್ಲದೆ ಕೈ ಹಾಕಬೇಡಿ. ಇಂಪೀಡೆನ್ಸ್ (ಸಿಗ್ನಲ್ಲಿಗೆ ಸ್ಪೀಕರ್ ಒಡ್ಡುವ ರೋಧ) ಕೂಡ ಬಾಸ್‌ನಲ್ಲಿ 30 ಓಮ್ ಆಸುಪಾಸು ಇದ್ದದ್ದು ತೀರಾ ಮೇಲಿನ ಟ್ರೆಬಲ್‌ನಲ್ಲಿ 2 ಓಮ್ ಹತ್ತಿರಕ್ಕೆ ಬೀಳುತ್ತದೆ. ಕೆಲವು ಆಂಪ್ಲಿಫೈಯರ್‌ಗಳಿಗೆ ಇದು ಜೀರ್ಣವಾಗುವುದಿಲ್ಲ.

ಇಡುವ ಜಾಗವೂ ಮುಖ್ಯ. ಹಿಂದಕ್ಕೂ ಮುಂದಕ್ಕೂ ಸದ್ದು ಬಿಡುವ ಸ್ಪೀಕರ್ ಇದು. ಗೋಡೆಗೆ ಅಂಟಿಸಿದರೆ ಬಾಸ್ ಸತ್ತುಹೋಗುತ್ತದೆ. ಗೋಡೆಯಿಂದ ಒಂದು ಮೀಟರಿಗಿಂತ ಜಾಸ್ತಿ ಎಳೆದು, ಕೆಳಗೆ ಮರದ ಸ್ಟ್ಯಾಂಡ್ ಕೊಟ್ಟು ಒಂದಡಿ ಎತ್ತರಿಸಿದೆ. ನಡುವೆ ಒಬ್ಬರು ಕೂರುವ ಜಾಗ ಮಾತ್ರ ಚೆನ್ನ. ಪಕ್ಕದಲ್ಲಿ ಕೂತವರಿಗೆ ಟ್ರೆಬಲ್ ಅರ್ಧ. ಮನೆಮಂದಿಯೆಲ್ಲಾ ಕೂತು ಕೇಳುವ ಸ್ಪೀಕರ್ ಬೇಕಾದರೆ ಬೇರೆ ನೋಡಿಕೊಳ್ಳಿ. 50 ಹರ್ಟ್ಸ್ ಕೆಳಗೆ ಬಾಸ್ ಕೂಡ ಬೇಗ ಇಳಿದುಬಿಡುತ್ತದೆ.

ಎಡ ಬಲ ಹೊಂದಿದೆಯಾ ಅಂತ ನೋಡಲು ನಾನು ಹಾಕುವುದು ತಂಬೂರಿ. ಬರೀ ತಂಬೂರಿ, ಮೊನೋ, ಎರಡೂ ಸ್ಪೀಕರ್‌ಗೆ. ಜೀವಾಳ (ತಂತಿಯ ಕೆಳಗಿನ ದಾರ) ಸರಿಯಾಗಿ ಕೂತ ತಂಬೂರಿಯಲ್ಲಿ ಮೇಲಿನ ಸ್ವರಗಳು ಸಾಲಾಗಿ ಎದ್ದು ನಿಲ್ಲುತ್ತವೆ, ನಿಲ್ಲದೇ ಹರಿಯುತ್ತವೆ. ಒಂದು ಟ್ರೆಬಲ್ ಪ್ಯಾನೆಲ್ ಸ್ವಲ್ಪ ಮಂಕಾಗಿದ್ದರೂ ಆ ನಾದ ನಡುವಿನಿಂದ ಒಂದು ಬದಿಗೆ ವಾಲುತ್ತದೆ. ಮೀಟರ್‌ಗಿಂತ ಬೇಗ ಗೊತ್ತಾಗುತ್ತದೆ. ಹಳೆಯ ಟ್ರೆಬಲ್ ಇರುವ ಎಡಗಡೆ, ಹೊಸ ಹಾಳೆಯ ಬಲಗಡೆ, ಎರಡರ ನಡುವೆ ತಂಬೂರಿ ಅಲುಗದೆ ನಿಂತಿತು. ಆಮೇಲೆ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಹಾಕಿದೆ. ಮೀಟು ಬೇರೆ, ತಂತಿಯ ಮೇಲೆ ಬೆರಳು ಜಾರುವ ಸದ್ದು ಬೇರೆ, ಎರಡೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಮೃದಂಗದ ತೊಪ್ಪಿಯ ಗುಂಕಿ ಮಾತ್ರ ಮೇಲಿನ ಅರ್ಧ ಬರುತ್ತದೆ, ಕೆಳಗಿನದನ್ನು ಊಹಿಸಿಕೊಳ್ಳಬೇಕು.

ಮಾವನಿಗೆ ಫೋನ್ ಮಾಡಿ ಕೇಳಿಸಿದೆ. ಫೋನಿನಲ್ಲಿ ಏನು ಕೇಳಿಸುತ್ತದೆ ಮಣ್ಣು. "ಸಪ್ಲೈ ಎಷ್ಟು ಬರ್ತಿದೆ ಈಗ?" ಅಂದರು. ಹೇಳಿದೆ. "ಹ್ಞಾ, ಸರಿ. ಮತ್ತೆ ಮುಟ್ಟಬೇಡ" ಅಂದರು.

ಮುಟ್ಟಬೇಕಾದದ್ದು ಒಂದು ಉಳಿದಿದೆ. ಎಡಗಡೆ ಸ್ಪೀಕರಿನ ಹೊರಬದಿಯ ಬಾಸ್ ಪ್ಯಾನೆಲ್ ತನ್ನ ಜೋಡಿಗಿಂತ 1 ಡಿಬಿಯಷ್ಟು ಕಮ್ಮಿ. ಇಎಚ್‌ಟಿ ಸರಿಯಾಗಿಯೇ ತಲುಪುತ್ತಿದೆ, ಸೋರಿಕೆ ಕಾಣುತ್ತಿಲ್ಲ. ಲೇಪನಕ್ಕೆ ವಯಸ್ಸಾಗಿರಬೇಕು. ಸಿಡಿಯುತ್ತಿಲ್ಲ, ಚಾರ್ಜ್ ಹಿಡಿದಿಟ್ಟುಕೊಳ್ಳುತ್ತಿದೆ, ಹಾಡು ಕೇಳುವಾಗ ಗೊತ್ತೂ ಆಗುವುದಿಲ್ಲ. ಅದನ್ನು ಈಗ ಬಿಚ್ಚುವುದಿಲ್ಲ. 3 ಡಿಬಿ ಇಳಿದ ದಿನ ಸೈಕಲ್ ಟ್ಯೂಬು ಮತ್ತೆ ಹೊರಗೆ ತೆಗೆದರಾಯಿತು.